ಬೇಲಿಯಾಚೆಯ ಗುಡಾಣ

ಆ ಬೇಲಿಗೆ ಮೊದಲ ಗೂಟಗಳನ್ನು ಕೊಟ್ಟವರು ನನ್ನ ಮಾವ ಶಾಕ್ರೊ. ಕೈಯಾರೆ ಕೊಟ್ಟರು, ಸುತ್ತಿಗೆ ಸಮೇತ. ಎಷ್ಟು ಸಲ ನೆನೆದರೂ ನನಗೇ ನಂಬಿಕೆ ಬರುವುದಿಲ್ಲ.

ಮಾವನನ್ನು ಅರಿಯದವರು ಜಾರ್ಜಿಯಾದ ಈ ಮೂಲೆಯಲ್ಲಿ ಯಾರೂ ಇಲ್ಲ. ಮದುವೆಯಿರಲಿ, ಸತ್ತವರ ಊಟವಿರಲಿ, ಮೇಜಿನ ತಲೆಗೆ ಕೂತು ಒಬ್ಬೊಬ್ಬರ ಹೆಸರು ಹೇಳಿ ಹರಸಿ ಲೋಟ ಎತ್ತಿಸುವ ಯಜಮಾನಿಕೆ ಅವರದ್ದೇ. ಮಾಸ್ಕೋ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಅದರ ಸೈನ್ಯದಲ್ಲಿದ್ದರು, ದೂರದ ರಷ್ಯಾದ ವೊರೊನೆಜ್‌ನಲ್ಲಿ. ಆಮೇಲೆ ಎಷ್ಟೋ ವರ್ಷ ಅಲ್ಲಿಗೇ ಲಾರಿಯಲ್ಲಿ ಸೇಬು ಸಾಗಿಸಿದರು. ನಾವು ಸ್ವತಂತ್ರರಾದೆವು. ಯುದ್ಧವೂ ಆಯಿತು. ರಷ್ಯನ್ನರ ಟ್ಯಾಂಕುಗಳು ನಮ್ಮ ಸೇಬಿನ ಗಿಡಗಳನ್ನು ಮಲಗಿಸಿ ಹೋದವು, ಊರಿನ ಉತ್ತರದ ಗುಡ್ಡಗಳು ಅವರ ಕೈಯಲ್ಲೇ ಉಳಿದವು. ಇಷ್ಟಾದರೂ ಮಾವ ಹೇಳುತ್ತಿದ್ದದ್ದು ಒಂದೇ: "ಜಗಳ ದೊಡ್ಡೋರದ್ದು. ಸೈನ್ಯದ ಹುಡುಗ್ರು ಏನ್ಮಾಡ್ತಾರೆ ಪಾಪ, ನನ್ ಪಕ್ಕದ ಮಂಚದಲ್ಲಿ ಮಲಗ್ತಿದ್ದೋರು."

ನಾನು ರಾಜಧಾನಿ ಟಿಬಿಲಿಸಿಯಲ್ಲಿ ಓದಿ ಬೆಳೆದವಳು. ಸೊಸೆಯಾಗಿ ಇಲ್ಲಿಗೆ ಬಂದ ದಿನದಿಂದ ನನಗೆ ಎಲ್ಲಕ್ಕೂ ದಿಗಿಲು. ಮಗಳು ಇಯಾ ಹುಟ್ಟಿದ ಮೇಲಂತೂ, ಗುಡ್ಡದ ಮೇಲಿನ ಕಾವಲುಗೋಪುರದ ಗಾಜು ಬಿಸಿಲಿಗೆ ಮಿಂಚಿದರೂ ಸಾಕು, ಓಡಿಹೋಗಿ ಪರದೆ ಎಳೆಯುತ್ತಿದ್ದೆ.

"ಅದು ಹೊಳೆದಿದ್ದಕ್ಕೆಲ್ಲ ಮಗೂಗೆ ಜ್ವರ ಬರಲ್ಲ ಕಣೇ ನುತ್ಸಾ," ಎಂದು ಅತ್ತೆ ಮಕ್ವಲಾ ನಗುತ್ತಿದ್ದರು. "ಪಟ್ಟಣದಲ್ಲಿ ಏನ್ ತಿನ್ನಿಸಿ ಬೆಳೆಸಿದ್ರೋ ನಿನ್ನ!"

ಅದು ದ್ರಾಕ್ಷಿ ಕೊಯ್ಲು ಆಗಷ್ಟೇ ಮುಗಿದಿದ್ದ ವಾರ. ತುಳಿದ ಹಣ್ಣು, ಸಿಪ್ಪೆ ಬೀಜಗಳ ಜೊತೆಗೇ, ತೋಟದ ಆ ತುದಿಯ ಕೊಟ್ಟಿಗೆಯಲ್ಲಿ ವೈನಾಗಲು ಹುದುಗುತ್ತಿತ್ತು. ಅಲ್ಲಿರುವುದು ಮಾವನ ತಾತ ಹೂತ ಮಣ್ಣಿನ ಗುಡಾಣ. ಆಳೆತ್ತರದ್ದು, ಕತ್ತಿನವರೆಗೂ ನೆಲದೊಳಗೆ. ಅದನ್ನು ಎತ್ತುವಂತಿಲ್ಲ, ಸರಿಸುವಂತಿಲ್ಲ. ಹುದುಗುವಾಗ ಸಿಪ್ಪೆಯೆಲ್ಲ ಮೇಲೆ ಬಂದು ಗಟ್ಟಿ ಕಟ್ಟುತ್ತದೆ. ದಿನಕ್ಕೆ ನಾಲ್ಕಾರು ಸಲ ಉದ್ದನೆಯ ಕೋಲಿನಿಂದ ಅದನ್ನು ಒಳಗೆ ಅದುಮಬೇಕು. ಬಿಟ್ಟರೆ ವೈನ್ ಹೋಗಿ ವಿನಿಗರ್ ಆಗುತ್ತದೆ. ಆ ವರ್ಷದ್ದು ಇಯಾಳ ದೀಕ್ಷಾಸ್ನಾನದ ಊಟಕ್ಕೆಂದು ಇಟ್ಟದ್ದು. ಮಾವ ಹಾಗೆಂದು ಊರಿಗೆಲ್ಲ ಸಾರಿಬಿಟ್ಟಿದ್ದರು.

ಆ ವಾರದ ಒಂದು ಮಧ್ಯಾಹ್ನ ಇಬ್ಬರು ಬಂದರು. ಸಾಮಾನ್ಯ ಅಂಗಿ ತೊಟ್ಟಿದ್ದರು, ಭುಜದ ಮೇಲೆ ಮೂರು ಕಾಲಿನ ಅಳತೆಯ ಯಂತ್ರ. ದ್ರಾಕ್ಷಿ ಸಾಲುಗಳ ನಡುವೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು, ರಷ್ಯನ್ ಭಾಷೆಯಲ್ಲಿ ಏನೋ ಮಾತಾಡಿಕೊಂಡರು.

"ಯಾರವರು?" ಎಂದು ಅತ್ತೆ ಕೇಳಿದರು.

"ಕಾಲುವೆಯೋರು ಇರಬೇಕು ಕಣೇ!" ಮಾವನ ಮುಖ ಅರಳಿತು. ಗುಡ್ಡದ ಕಡೆಯಿಂದ ಬರುವ ನಮ್ಮ ಕಾಲುವೆ ಯುದ್ಧದಿಂದೀಚೆಗೆ ಒಣಗಿತ್ತು. ಎರಡೂ ಕಡೆಯವರು ಸೇರಿ ಅದನ್ನು ತೆರೆಯುತ್ತಾರೆಂಬ ಸುದ್ದಿ ಊರಲ್ಲಿ ಓಡಾಡುತ್ತಿತ್ತು.

"ಹೋಗಿ ಕೇಳಿ ಮಾವ," ಎಂದೆ ನಾನು.

"ಊಟ ಹಾಕೋಕ್ ಮುಂಚೆ ಯಾಕ್ ಬಂದೆ ಅಂತ ಕೇಳೋದಾ? ಚೆನ್ನಾಗಿ ಕಲಿಸಿದ್ದಾರೆ ನಿಮ್ಮನೇಲಿ!"

ಮೇಜು ಅಂಗಳಕ್ಕೆ ಬಂತು. ಬಿಸಿ ರೊಟ್ಟಿ, ಚೀಸ್, ಅಕ್ರೋಟು ತುಂಬಿದ ಬದನೆಕಾಯಿ. ಕಿರಿಯವನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ, ಕಿವಿ ಅಗಲ, ನಾಚಿಕೆಯ ಹುಡುಗ. ಇಯಾಳನ್ನು ನೋಡಿ, ತನ್ನ ಅಕ್ಕನಿಗೂ ಇಷ್ಟೇ ಮಗುವಿದೆ ಎಂದ. ಮಾವ ಅವನ ತಾಯಿಗೆ, ಅಕ್ಕನಿಗೆ, ಬರಲಿರುವ ನೀರಿಗೆ, ಕೊನೆಗೆ ನೆರೆಹೊರೆಗೆ ಲೋಟ ಎತ್ತಿಸಿದರು. ಅಷ್ಟಾದ ಮೇಲೂ ಕೆಲಸವೇನೆಂದು ಕೇಳಲಿಲ್ಲ. ಗುರುತಿಗೆ ಕಡ್ಡಿ ಬೇಕೆಂದು ಹಿರಿಯವನು ಹೇಳಿದಾಗ ಮಾವ ಬಳ್ಳಿ ಹಬ್ಬಿಸಲು ಸೀಳಿಟ್ಟಿದ್ದ ಅಕೇಶಿಯಾ ಗೂಟಗಳನ್ನು ಹೊತ್ತು ತಂದರು. ಹುಡುಗ ಹಿಡಿದುಕೊಂಡ, ಮಾವ ಸುತ್ತಿಗೆಯಿಂದ ಹೊಡೆದರು.

ಮರುದಿನ ಬೆಳಿಗ್ಗೆ ನಾನು ಮಗುವಿಗೆ ಗಂಜಿ ಕಾಯಿಸುತ್ತಿದ್ದೆ. ಲಾರಿಗಳ ಸದ್ದಾಯಿತು. ಹೊರಗೆ ಬಂದು ನೋಡಿದರೆ ತೋಟದ ತುಂಬ ಸೈನಿಕರು. ಮಾವನ ಗೂಟಗಳ ಜಾಡಿನಲ್ಲೇ ಕಬ್ಬಿಣದ ಕಂಬ ನಿಲ್ಲಿಸುತ್ತಿದ್ದಾರೆ, ಮುಳ್ಳುತಂತಿಯ ಸುರುಳಿ ಬಿಚ್ಚುತ್ತಿದ್ದಾರೆ. ಹಸಿರು ಫಲಕವೊಂದು ಆಗಲೇ ಎದ್ದಿತ್ತು: 'ದೇಶದ ಗಡಿ, ದಾಟಬಾರದು.' ಮನೆ ಈ ಕಡೆ, ಕೊಟ್ಟಿಗೆ ಆ ಕಡೆ. ಗಂಜಿ ಒಲೆಯ ಮೇಲೆ ಸೀದುಹೋಯಿತು.

"ಅದು ನನ್ ಗೂಟ," ಎಂದರು ಮಾವ. ಯಾರಿಗೆ ಹೇಳಿದರೋ. ಮತ್ತೆ ಅದನ್ನೇ ಹೇಳಿದರು. "ನನ್ ಗೂಟ ಅದು."

ಮಧ್ಯಾಹ್ನದ ಹೊತ್ತಿಗೆ ಲಾರಿಗಳು ಹೋದವು. ಮಾವ ಎದ್ದು ಬೂಟು ಹಾಕಿಕೊಂಡರು.

"ಎಲ್ಲಿಗೆ?" ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಬೆಳಿಗ್ಗೆಯಿಂದ ಅದುಮಿಲ್ಲ. ಕಟ್ಕೊಂಡಿರತ್ತೆ."

"ಹಿಡ್ಕೊಂಡು ಹೋಗ್ತಾರೆ ಮಾವ, ಬೇಡ," ಎಂದು ಅಂಗಲಾಚಿದೆ.

"ಯಾರು, ನಿನ್ನೆ ಬದನೆಕಾಯಿ ತಿಂದ ಹುಡುಗನಾ?"

ಕೆಳಗಿನ ತಂತಿ ಎತ್ತಿ ನುಸುಳಿದರು. ಕೊಟ್ಟಿಗೆಯೊಳಗೆ ಹೋದರು. ಮಗುವನ್ನು ಅವುಚಿಕೊಂಡು ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕೋಲು ರಸಕ್ಕೆ ಬೀಳುವ ಬುಳುಕ್ ಸದ್ದು ಇಲ್ಲಿಗೂ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಮಾವ ಹೊರಬಂದಾಗ ಎರಡೂ ಬದಿಗೆ ಒಬ್ಬೊಬ್ಬ ಸೈನಿಕ. ಒಬ್ಬನ ಕಿವಿ ಅಗಲ. ಅವನೇ, ಸಮವಸ್ತ್ರದಲ್ಲಿ.

"ನಾನು ಕಣಪ್ಪ, ಶಾಕ್ರೊ! ನಿನ್ ಅಮ್ಮನ ಹೆಸರಲ್ಲಿ ಕುಡಿದ್ವಲ್ಲೋ!"

ಹುಡುಗ ಮಾವನ ಮುಖ ನೋಡಲಿಲ್ಲ. ಯಾರೋ ಬರೆದುಕೊಟ್ಟದ್ದನ್ನು ಓದುವವನ ಹಾಗೆ ಹೇಳಿದ: "ನಾಗರಿಕರೇ, ನೀವು ಗಡಿ ಉಲ್ಲಂಘಿಸಿದ್ದೀರಿ."

ಮಾವ ನಕ್ಕರು. ತಮಾಷೆ ಅಂದುಕೊಂಡರು. ತೋಳು ಹಿಡಿದು ತಿರುಚಿದಾಗಲೂ ಆ ನಗು ಮುಖದ ಮೇಲೆ ಹಾಗೇ ಇತ್ತು. ಅದನ್ನು ನಾನು ಮರೆಯಲಾರೆ.

ಎರಡು ರಾತ್ರಿ ಇಟ್ಟುಕೊಂಡು ಬಿಟ್ಟರು. ಹೊಡೆದಿರಲಿಲ್ಲ. ಮನೆಗೆ ಬಂದವರು ಸ್ನಾನವನ್ನೂ ಮಾಡದೆ ಅಡುಗೆಮನೆಯ ಬೆಂಚಿನ ಮೇಲೆ ಕೂತರು.

"ಒಂದೇ ಪ್ರಶ್ನೆ ಕೇಳಿದ್ರು ಮಗಳೇ, ತಿರುಗಿಸಿ ತಿರುಗಿಸಿ. 'ನಮ್ ದೇಶದೊಳಕ್ಕೆ ಯಾಕ್ ಬಂದೆ?' ಅಂತ." ನಮ್ಮ ಕಡೆ ತಿರುಗಿ, "ಏನಂತ ಹೇಳ್ಲಿ?" ಎಂದರು.

ಕೆಲಸದೂರಿನಿಂದ ಓಡಿಬಂದಿದ್ದ ನನ್ನ ಗಂಡ ಗೇಲಾ ರೇಗಿದ. "ಇನ್ನೊಂದ್ಸಲ ಆ ಕಡೆ ಕಾಲಿಟ್ರೆ ವರ್ಷಗಟ್ಲೆ ಒಳಗೆ ಹಾಕ್ತಾರಪ್ಪ! ಕೊಳೀಲಿ ಬಿಡು ಅದು. ವಿನಿಗರ್ ಕುಡಿದು ಸಾಯ್ಲಿ ಅವ್ರು."

ನನಗೂ ಹಾಗೇ ಅನ್ನಿಸುತ್ತಿತ್ತು. ಕೊಳೆಯಲಿ, ಊರಿಗೆಲ್ಲ ನಾರಲಿ.

ಮಾವ ಎದ್ದು ಹೊರಗೆ ಹೋದರು. ಮಗುವನ್ನು ಎತ್ತಿಕೊಂಡು ನಾನು ಹಿಂದೆಯೇ ಓಡಿದೆ. ಅವರು ತಂತಿಯಿಂದ ಒಂದು ಹೆಜ್ಜೆ ಈಚೆಗೆ ನಿಂತು ಮೂಗೆತ್ತಿ ಗಾಳಿಯಲ್ಲಿ ವಾಸನೆ ಹಿಡಿದರು. "ಇನ್ನೂ ಕೆಟ್ಟಿಲ್ಲ," ಎಂದರು ತಮ್ಮಷ್ಟಕ್ಕೆ. ಕೊಟ್ಟಿಗೆಯ ಬಳಿ ಅದೇ ಹುಡುಗ ಇನ್ನೊಬ್ಬನ ಜೊತೆ ಕಾವಲಿಗಿದ್ದ.

"ಏಯ್ ಹುಡುಗ! ಕಿವಿಯಪ್ಪ! ಒಳಗೆ ಗೋಡೆಗೆ ಕೋಲಿದೆ ನೋಡು. ತಗೊಂಡು ಸಿಪ್ಪೇನ ಒಳಕ್ಕೆ ಅದುಮು. ದಿನಕ್ಕೆ ನಾಲ್ಕು ಸಲ, ತಿಳೀತಾ?"

ಜೊತೆಗಾರ ಗೊಳ್ಳೆಂದು ನಕ್ಕ. ಹುಡುಗನ ಮುಖ ಕೆಂಪಾಯಿತು. ಬಂದೂಕನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದ, ಗುಡ್ಡದ ಗೋಪುರದ ಕಡೆ ಒಮ್ಮೆ ನೋಡಿದ. ಆಮೇಲೆ ಒಳಗೆ ಹೋದ.

ಬುಳುಕ್, ಬುಳುಕ್.

"ಮೆಲ್ಲಗೆ! ತಳಕ್ಕೆ ಕುಟ್ಬೇಡ, ಬೀಜ ಒಡೆದ್ರೆ ಕಹಿ ಆಗತ್ತೆ!"

ಸದ್ದು ಮೆಲ್ಲಗಾಯಿತು.

"ಮಾವ!" ನಾನು ಅವರ ತೋಳು ಜಗ್ಗಿದೆ. "ಅದು ಇಯಾಳದ್ದು. ನಿಮ್ಮನ್ನ ಕಳ್ಳನ ಹಾಗೆ ಎಳ್ಕೊಂಡು ಹೋದೋನು ಅವನು. ಅವನಿಗೆ ಹೇಳ್ಕೊಡ್ತೀರಲ್ಲ, ಅವರೇ ಕುಡಿದುಬಿಡ್ತಾರೆ."

"ಕುಡೀತಾರೆ."

"ಮತ್ತೆ?"

"ದ್ರಾಕ್ಷಿ ಏನ್ ಮಾಡಿದೆ ಮಗಳೇ?"

ಅವರ ಗಲ್ಲ ಪೂರಾ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ. ಮಗು ನನ್ನ ತೋಳಿನಲ್ಲಿ ತಂತಿಯ ಹೊಳಪಿಗೆ ಕೈ ಚಾಚುತ್ತಿತ್ತು. ನಾನು ಆ ಕೈಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡೆ. ಮಾವ ಎರಡೂ ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು ಮತ್ತೆ ಕೂಗಿದರು:

"ಆದ್ಮೇಲೆ ಗುಡಾಣದ ಅಂಚು ಒರೆಸು! ಸಂಜೆಗೆ ಮರೀಬೇಡ!"