ನಕ್ಷೆಯ ಮೇಲೆ ಒಂದೇ ಟಿಕಳಿ

ನನ್ನ ಬಾಯಿ ಮೊದಲಿಂದಲೂ ಹರಿತ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಬಾಯಿಯನ್ನು ನಂಬಿಯೇ ಆರೋಗ್ಯ ಸಂಶೋಧನೆಯ ಸಂಸ್ಥೆಯವರು ನನ್ನನ್ನು ಓಣಿಯ ಲೀಡರ್ ಮಾಡಿದರು. ಹೊರಗಿನವರು ಬಂದು ಬರೆದುಕೊಂಡು ಹೋಗುವ ಕಾಲ ಮುಗಿಯಿತಂತೆ, ನಮ್ಮ ರೋಗದ ಕಾರಣ ನಾವೇ ಹುಡುಕಬೇಕಂತೆ. ನಮ್ಮಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಅದೂ ಅದರ ಮನಸ್ಸಿಗೆ ಬಂದರೆ. ಹಾಗಾಗಿ ಮನೆಮನೆಗೂ ಡ್ರಮ್ಮು. ಯಾರ ಡ್ರಮ್ಮಿನಲ್ಲಿ ಡೆಂಗಿ ಸೊಳ್ಳೆಯ ಹುಳ ಇವೆಯೋ ಬ್ಯಾಟರಿ ಬಿಟ್ಟು ನೋಡಬೇಕು, ದೊಡ್ಡ ಹಾಳೆಯ ಮೇಲೆ ನಾವೇ ಬರೆದ ಓಣಿಯ ನಕ್ಷೆಯಲ್ಲಿ ಆ ಮನೆಗೆ ಗುರುತು ಹಾಕಬೇಕು. ಗುರುತಿಗೆ ಕೆಂಪು ಟಿಕಳಿ ಹಚ್ಚೋಣ, ಹಣೆಗೆ ಹಚ್ಚುವಂಥದ್ದೇ, ಎಂದವಳು ನಾನೇ. ಸಂಸ್ಥೆಯ ಹುಡುಗಿ ಚಪ್ಪಾಳೆ ತಟ್ಟಿದಳು.

ಇಬ್ಬಿಬ್ಬರು ಜೋಡಿಯಾಗಿ ಹೋಗಬೇಕಿತ್ತು. ನನ್ನ ಜೋಡಿ, ನಮ್ಮಿಂದ ಎರಡನೇ ಮನೆಯ ಬಾಡಿಗೆಯವಳು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಅರ್ಧ ಓಣಿ ಅವಳ ರೊಟ್ಟಿಯನ್ನೇ ತಿನ್ನುತ್ತಿತ್ತು. ಮೊದಲು ನನ್ನ ಮನೆಯಿಂದಲೇ ಸುರು ಮಾಡಿದೆವು. ಅವಳು ಬ್ಯಾಟರಿ ಬಿಟ್ಟಳು. ಹುಳ ಗಿಜಿಗುಡುತ್ತಿದ್ದವು. ನನ್ನ ಮುಖ ಸಣ್ಣದಾಯಿತು.

"ಟಿಕಳಿ ಹಚ್ಚಬ್ಯಾಡ್ರಿ ಅಕ್ಕಾರ," ಎಂದಳು. "ನೀವ ಲೀಡರ್ ಅದೀರಿ, ಮಂದಿ ಆಡ್ಕೋತಾರ. ನೀರ ಚೆಲ್ಲಿ ಡ್ರಮ್ ತಿಕ್ಕಿಬಿಡ್ರಿ, ಮುಗೀತು. ನಾ ಯಾರ ಮುಂದೂ ಹೇಳಂಗಿಲ್ಲ."

ತುಂಬಿದ ಡ್ರಮ್ಮು ಚೆಲ್ಲಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಮುಂದಿನ ಸಲ ನೀರು ಬಂದ ದಿನ ಚೆಲ್ಲಿದರಾಯಿತೆಂದು ಬಿಟ್ಟೆ. ಅವಳ ಡ್ರಮ್ಮಿನಲ್ಲೂ ನಾಲ್ಕು ಹುಳ ಸಿಕ್ಕವು. ಉಳಿದ ಜೋಡಿಗಳೆಲ್ಲ ಒಬ್ಬರನ್ನೊಬ್ಬರು ಕಾಯ್ದುಕೊಂಡು ಏನೂ ಇಲ್ಲವೆಂದಿದ್ದವು. ಓಣಿಯೆಲ್ಲ ಸ್ವಚ್ಛ ಎಂದರೆ ಸಂಸ್ಥೆಯವರು ನಂಬಬೇಕಲ್ಲ! ಎಲ್ಲರೂ ಕೂತಿದ್ದಾಗ ಅವಳ ಮನೆಯ ಮೇಲೆ ಟಿಕಳಿ ಒತ್ತಿ, "ಹಣಿಗಂತೂ ಇಲ್ಲ, ನಿನ್ನ ಮನಿಗರೆ ಇರಲಿ ಬಿಡವಾ" ಎಂದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಗಲು ನೋಡಿದಳು. ಆ ಸಂಜೆಯೇ ತನ್ನ ಡ್ರಮ್ಮು ಚೆಲ್ಲಿ, ತಿಕ್ಕಿ, ಬೋರಲು ಹಾಕಿದಳು. ನನ್ನದು ತುಂಬಿಯೇ ಇತ್ತು.

ಎರಡು ವಾರದೊಳಗೆ ನಮ್ಮಿಬ್ಬರ ನಡುವಿನ ಮನೆಯ ಏಳು ವರ್ಷದ ಹುಡುಗಿಗೆ ಜ್ವರ ಬಂತು. ಡೆಂಗಿ. ಆಸ್ಪತ್ರೆಗೆ ಒಯ್ದರು, ಐದನೇ ದಿನ ಹೆಣ ತಂದರು.

ಮುಂದಿನ ಸಭೆಯಲ್ಲಿ ಸಂಸ್ಥೆಯ ಹುಡುಗಿ ನಕ್ಷೆಯನ್ನು ಗೋಡೆಗೆ ಅಂಟಿಸಿ, "ಇದು ನಿಮ್ಮದು, ನೀವೇ ಓದಿ" ಎಂದಳು. ಅವಳ ಬಾಯಿಗೆ ಬೆಂಕಿ ಬೀಳಲಿ! ಮಗು ಕಳೆದುಕೊಂಡ ತಾಯಿ ಎದ್ದು ತನ್ನ ಮನೆ ಹುಡುಕಿದಳು, ಪಕ್ಕದ ಟಿಕಳಿಯ ಮೇಲೆ ಬೆರಳಿಟ್ಟಳು.

"ನನ್ನ ಕೂಸಿನ್ನ ತಿಂದಾಕಿ ಇಕಿನ!"

ರೊಟ್ಟಿಯವಳು ನನ್ನ ಕಡೆ ತಿರುಗಿದಳು. ನನ್ನ ಡ್ರಮ್ಮಿನ ಮಾತು ಎತ್ತಲಿಲ್ಲ, ಪುಣ್ಯಾತ್ಗಿತ್ತಿ. "ಅಕ್ಕಾರ, ನೀವರೆ ಹೇಳ್ರಿ. ಓಣ್ಯಾಗ ನನ್ನೊಬ್ಬಾಕಿ ಮನ್ಯಾಗ ಅಷ್ಟ ಇದ್ದುವೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಬೇರೆ. ನಾನು ಕಣ್ಣು ಸಹ ಮಿಟುಕಿಸಲಿಲ್ಲ.

"ಕಂಡದ್ದಕ್ಕ ಹಚ್ಚೇನಿ," ಎಂದೆ.

ಮರುದಿನದಿಂದ ಅವಳ ರೊಟ್ಟಿ ಯಾರೂ ಮುಟ್ಟಲಿಲ್ಲ. ಬುಟ್ಟಿ ಹೊತ್ತು ಕೇಶ್ವಾಪುರದವರೆಗೂ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ತಿಂಗಳೊಳಗೆ ಮಾಲಕ ಮನೆ ಬಿಡಿಸಿದ. ಹೋಗುವ ದಿನ ಅವಳು ನನ್ನ ಬಾಗಿಲಿಗೆ ಬಂದು ಎರಡು ಸಲ "ಅಕ್ಕಾರ" ಎಂದು ಕರೆದಳು. ಒಳಗೆ ಪಾತ್ರೆ ತಿಕ್ಕುತ್ತ ಕೂತವಳು ನಾನು ಹೊರಗೆ ಬರಲಿಲ್ಲ. ಎಲ್ಲಿಗೆ ಹೋದಳೋ ಗೊತ್ತಿಲ್ಲ, ಕೇಳುವ ಧೈರ್ಯವೂ ನನಗಿಲ್ಲ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಈಗ ಆ ಮಗುವಿನ ತಾಯಿಯೇ ನನ್ನ ಜೋಡಿ. ತಾನಾಗಿಯೇ ಬಂದು ಸೇರಿದಳು. ಮೊನ್ನೆ ಮಗು ಹೋಗಿ ವರ್ಷ ತುಂಬಿತು. ಅದಕ್ಕೆ ಇಷ್ಟವಾಗಿದ್ದ ಶೇಂಗಾ ಹೋಳಿಗೆ ಮಾಡಿ ಓಣಿಯವರನ್ನೆಲ್ಲ ಕರೆದಿದ್ದಳು. ಮೊದಲ ತಾಟು ನನ್ನ ಮುಂದಿಟ್ಟಳು.

"ಮೊದಲ ನೀವ ಉಣ್ರಿ ಅಕ್ಕಾರ. ನೀವಿದ್ದದ್ದಕ್ಕ ತಿಳೀತು ನಮಗ. ಇಲ್ಲಾಂದ್ರ ಆಕಿ ಇನ್ನೂ ಎಷ್ಟ ಮನಿ ಹಾಳ ಮಾಡ್ತಿದ್ಲೋ."

ತುಪ್ಪ ಹಾಕಿಸಿಕೊಂಡು ಎರಡು ಹೋಳಿಗೆ ಉಂಡೆ.