ಅತ್ತಿ ಕಲಿಸಿದ ಹಾಯ್ಕು

ಅಮೀರ್‌ಪೇಟೆಯ ಫುಟ್‌ಪಾತಿನಲ್ಲಿ ಬೆಲ್ಟುಗಳನ್ನು ಸಾಲಾಗಿ ತೂಗುಹಾಕಿ ಮಾರುತ್ತಾರೆ. ಬಿಸಿಲಿಗೆ ಕಾದ ಆ ಚರ್ಮದ ವಾಸನೆ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ. ಲಿಂಗಂಪಲ್ಲಿಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆ ಈಗಿಲ್ಲ; ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿದೆ. ಆದರೆ ಲೋಕಲ್ ರೈಲು ಇಳಿದು ಬರುವ ಅಪ್ಪನ ಬೂಟಿನ ಸಪ್ಪಳ, ಅದು ಕೇಳಿದೊಡನೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತುಬಿಡುತ್ತಿದ್ದುದು, ಎಲ್ಲ ನನ್ನೊಳಗೆ ಇದ್ದ ಹಾಗೇ ಇವೆ. ಉಪ್ಪು ಹೆಚ್ಚಾದರೆ ಹೊಡೆತ, ಕಡಿಮೆಯಾದರೆ ಹೊಡೆತ, ಸರಿಯಿದ್ದರೆ ಮುಖ ಊದಿಸಿಕೊಂಡಿದ್ದಕ್ಕೆ ಹೊಡೆತ. ಬಕಲ್ ಇರುವ ತುದಿಯಿಂದಲೇ ಹೊಡೆಯುತ್ತಿದ್ದ ಮಹಾರಾಯ.

ಅಪ್ಪನ ಅಕ್ಕ, ನನಗೆ ಅತ್ತಿ, ನಮ್ಮ ಜೊತೆಗೇ ಇದ್ದಳು. ರಾಯಚೂರಿನಲ್ಲಿ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ಬೇರೆ ದಿಕ್ಕಿರಲಿಲ್ಲ. ಆ ತೆಲುಗು ಊರಿನಲ್ಲಿ ನಾನು ಓದುತ್ತಿದ್ದ ಪುಟ್ಟ ಕನ್ನಡ ಶಾಲೆಯಲ್ಲೇ ಟೀಚರು. ನಿಮಗೂ ಇಂಥ ಒಬ್ಬ ಅತ್ತೆ ಇದ್ದಿರಬಹುದು: ನಿಮ್ಮ ತಲೆ ಬಾಚುತ್ತ, ಪಾಠ ಹೇಳುತ್ತ, ಮನೆಯಲ್ಲಿ ತಾನಿರುವುದೇ ಯಾರಿಗೂ ಗೊತ್ತಾಗದಂತೆ ಬದುಕಿದವಳು. ಹೊಡೆತ ಶುರುವಾದರೆ ಅತ್ತಿ ಮೂಲೆಯಲ್ಲಿ ಕೂತು ತಲೆ ಎತ್ತದೆ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವಳು ಯಾವುದೋ ತರಬೇತಿಗೆ ಹೋಗಿ ಹಾಯ್ಕು ಕಲಿತು ಬಂದಳು. ಮೂರೇ ಸಾಲಿನ ಕವಿತೆ; ಸಾಲಿಗೆ ಐದು, ಏಳು, ಐದು ಅಕ್ಷರ. "ದುಃಖ, ಸಂತೋಷ ಅಂತ ಬರೀಬ್ಯಾಡ್ರಿ. ಕಣ್ಣಿಗೆ ಏನ ಕಂಡ್ತು, ಕಿವಿಗೆ ಏನ ಕೇಳ್ತು, ಅಷ್ಟ ಬರೀರಿ" ಎನ್ನುತ್ತಿದ್ದಳು. ಬರೆದವರ ಹೆಸರು ಹೇಳದೆ ಒಂದೊಂದನ್ನೂ ಎರಡು ಸಲ ಗಟ್ಟಿಯಾಗಿ ಓದುವುದು, ಆಮೇಲೆ ಇಡೀ ಕ್ಲಾಸು ಬೆರಳು ಮಡಚಿ ಅಕ್ಷರ ಎಣಿಸುವುದು, ಇದು ಅವಳ ಪದ್ಧತಿ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಕ್ರೇನಿನ ಬಗ್ಗೆ, ಗುಡಿಸಲಿಗೆ ಹೊದಿಸಿದ ಸೋರುವ ತಾಡಪತ್ರಿಯ ಬಗ್ಗೆ ಬರೆದರು. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ ನಾನು ಬರೆದೆ:

ಬೆಲ್ಟಿನ ಸದ್ದು
ಅತ್ತಿಯ ಕೆಂಪು ಪೆನ್ನು
ನಿಲ್ಲಲೇ ಇಲ್ಲ

ಆಣೆ ಮಾಡಿ ಹೇಳುತ್ತೇನೆ, ಅವಳನ್ನು ನೋಯಿಸಲೆಂದು ಬರೆದದ್ದಲ್ಲ. ಹೇಳಿಕೊಟ್ಟಂತೆ ಕಂಡದ್ದನ್ನು ಬರೆದಿದ್ದೆ, ಅಷ್ಟೇ. ಅತ್ತಿ ಒಂದು ಸಲ ಓದಿದಳು. ಎರಡನೇ ಸಲಕ್ಕೆ ಬಾಯಿ ತೆರೆದವಳು ಓದಲಾಗದೆ ಕಿಟಕಿಯತ್ತ ತಿರುಗಿದಳು. ಹುಡುಗರು ಮಾತ್ರ ಎಂದಿನಂತೆ ಬೆರಳು ಮಡಚಿ ಎಣಿಸಿ, "ಐದು, ಏಳು, ಐದು! ಸರಿ ಐತ್ರಿ ಟೀಚರ್!" ಎಂದು ಕೂಗಿದರು.

ಅಂದೇ ಸಂಜೆ ಸಾರಿನ ನೆಪ ತೆಗೆದು ಅಪ್ಪ ಬೆಲ್ಟು ಬಿಚ್ಚಿದ. ಎರಡನೇ ಏಟಿಗೆ ಅವ್ವನ ತುಟಿ ಒಡೆಯಿತು. ಅತ್ತಿ ಪೆನ್ನು ಕೆಳಗಿಟ್ಟು ಎದ್ದು ನಡುವೆ ನಿಂತಳು. "ಸಾಕ ಮಾಡೋ. ಹೊಡೆಯೂದಿದ್ರ ನನಗ ಹೊಡಿ." ಅಪ್ಪ ಹೊಡೆದ. ಬಕಲ್ ಅವಳ ಹುಬ್ಬು ಸೀಳಿತು. ಕೈ ಅಡ್ಡ ತಂದಾಗ ಬೆರಳು ಲಟಕ್ಕೆಂದು ಮುರಿದದ್ದು ನನಗೆ ಕೇಳಿಸಿತು. ಆದರೂ ಅವಳು ಬೆಲ್ಟಿನ ತುದಿ ಹಿಡಿದು ಜಗ್ಗಿದಳು. ಅಪ್ಪ ಅವಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಸುಣ್ಣದ ಮೇಲೆ ರಕ್ತ ಉದ್ದಕ್ಕೆ ಇಳಿಯಿತು. "ನನ್ನ ಮನ್ಯಾಗ ಇದ್ದು ನನಗ ಎದುರ ನಿಲ್ತಿ? ಮುಂಜಾನೆ ನಡಿ ಹೊರಗ!" ಎಂದು ಅರಚಿದ.

ಮರುದಿನ ಊದಿದ ಮುಖಕ್ಕೆ ಸೆರಗು ಮುಚ್ಚಿಕೊಂಡು, ಒಂದು ಚೀಲ ಹಿಡಿದು ಅತ್ತಿ ಹೊರಟು ನಿಂತಳು. ಅಪ್ಪ ಅವ್ವನನ್ನೂ ನನ್ನನ್ನೂ ಬಾಗಿಲಿಗೆ ಕರೆದ. ಬೆಲ್ಟು ಇನ್ನೂ ಅವನ ಕೈಯಲ್ಲೇ ಇತ್ತು. "ನೀವ ಹೇಳ್ರಿ. ಇಕಿ ಇರಬೇಕೋ, ಹೋಗಬೇಕೋ?"

ಅವ್ವ ನೆಲ ನೋಡಿದಳು. ಅತ್ತಿ ನನ್ನನ್ನು ನೋಡಿದಳು.

"ಹೋಗ್ಲಿ" ಎಂದೆ ನಾನು.

 ಅತ್ತಿ ಬೆರಳು ಮುರಿಯದ ಕೈಯಿಂದ ನನ್ನ ಕೆನ್ನೆ ಸವರಿ ಆಟೋ ಹತ್ತಿದಳು. ಆಮೇಲೆ ರಾಯಚೂರಿನಲ್ಲಿ ಒಂಬತ್ತು ವರ್ಷ ಬದುಕಿದ್ದಳು. ರೈಲಿನಲ್ಲಿ ನಾಲ್ಕೈದು ತಾಸಿನ ದೂರ, ನೋಡಿ. ನಾನು ಹೋಗಲಿಲ್ಲ.