ಎಡಮೂಲೆಯವನನ್ನು ಕೊಟ್ಟದ್ದು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಬಡ್ಡಿ ಅಂಕಣದೊಳಗೆ ಅದನ್ನು ಕೆಚ್ಚು ಎನ್ನುತ್ತಾರೆ, ಹೊರಗೆ ಸೊಕ್ಕು ಎನ್ನುತ್ತಾರೆ.

ದುಬೈಯಲ್ಲಿ ನಮ್ಮ ಕರಾವಳಿಯವರು ವರ್ಷಕ್ಕೊಮ್ಮೆ ಕಬಡ್ಡಿ ಕೂಟ ನಡೆಸುತ್ತಾರೆ. ಅದಕ್ಕೆ ಮೊದಲು ತಂಡಗಳೆಲ್ಲ ಹೋಟೆಲಿನ ಹಾಲಿನಲ್ಲಿ ಸೇರಿ ಹೊಸ ಆಟಗಾರರನ್ನು ಚೀಟಿ ಎತ್ತಿ ಹಂಚಿಕೊಳ್ಳುತ್ತವೆ. ಆಮೇಲೆ ಮಧ್ಯಾಹ್ನದ ಬಿರಿಯಾನಿ ಬರುವವರೆಗೆ ಅದಲುಬದಲಿಗೆ ಅವಕಾಶ. ನಮ್ಮ ತಂಡದ ಯಜಮಾನ ನಾನೇ. ಆ ವರ್ಷ ನನ್ನ ಚೀಟಿಗೆ ಬಂದವರೆಲ್ಲ ಹಿಡಿಯುವವರು; ನನ್ನನ್ನು ಬಿಟ್ಟರೆ ರೈಡಿಗೆ ಹೋಗುವವರೇ ಇಲ್ಲ. ಅಬುಧಾಬಿ ತಂಡದ ಯಜಮಾನನ ಬಳಿ ಇಬ್ಬರು ಒಳ್ಳೆಯ ರೈಡರುಗಳಿದ್ದರು. ಅವನು ಅಲ್ಲಿನ ಅಲ್ ಮೀನಾ ಮಾರುಕಟ್ಟೆಯಲ್ಲಿ ಮೀನಿನ ವ್ಯಾಪಾರ ಮಾಡುವ ಭಟ್ಕಳದವನು.

"ಇಬ್ಬರನ್ನೂ ತಗೊಳ್ಳಿ, ನಿಮ್ಮ ಮುದುಕನನ್ನು ಕೊಡಿ" ಅಂದ.

ಮುದುಕ ಎಂದರೆ ನಮ್ಮ ಎಡ ಕಾರ್ನರ್. ವಯಸ್ಸು ನಲವತ್ನಾಲ್ಕು, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿರುವ ಬಸ್ ಡ್ರೈವರ್. ಎಂಟು ವರ್ಷ ನಮ್ಮ ಮೂಲೆ ಕಾದವನು. ಅವನ ಕೈಗೆ ಸಿಕ್ಕು ಎದುರಾಳಿಗಳ ಎರಡು ಮೊಣಕಾಲು, ಒಂದು ದವಡೆ ಮುರಿದಿದ್ದವು. ಈಗ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟಿದ್ದ. "ಇದೊಂದು ಕೂಟ ನಮ್ಮ ಜರ್ಸಿಯಲ್ಲೇ ಆಡಿ ಹೋಗ್ತೇನೆ ಮಾರಾಯ, ಮತ್ತೆ ನನಗೆ ಎಂಥದೂ ಬೇಡ" ಎಂದು ಬೆಳಿಗ್ಗೆಯಷ್ಟೇ ಹೇಳಿದ್ದ. ನಾನು ಹೂಂಗುಟ್ಟಿದ್ದೆ.

"ಭುಜ ಹೋಗಿದೆ ಅಂತಾರಲ್ಲ ಭಾಯಿ?" ಎಂದು ಮೀನಿನವನು ರಾಗ ಎಳೆದ. ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವ ಆಸಾಮಿಯಲ್ಲ. ಬಲ ಭುಜ ಎರಡು ಸಲ ಜಾರಿದ್ದು ನಿಜ, ಅದು ನನಗೆ ಗೊತ್ತಿತ್ತು. ಆದರೂ ಮುದುಕನನ್ನು ಕರೆದೆ. "ಒಂದು ಹಿಡಿತ ತೋರಿಸು, ಇವರು ನೋಡ್ಬೇಕಂತೆ."

ಕುರ್ಚಿಗಳನ್ನು ಸರಿಸಿ ಕಾರ್ಪೆಟ್ಟಿನ ಮೇಲೆ ನಾನೇ ರೈಡಿಗೆ ಇಳಿದೆ. ತಂಡದ ಮರ್ಯಾದೆಯ ಪ್ರಶ್ನೆ ಎಂದುಕೊಂಡು ಅವನು ನಗುತ್ತಾ ಬಂದ, ಪಾಪ. ಕಾಲು ಚಾಚಿದ್ದೇ ತಡ, ನನ್ನ ಪಾದದ ಗಂಟು ಅವನ ಎರಡೂ ಕೈಯೊಳಗಿತ್ತು. ಮುಖ ನೆಲಕ್ಕೆ ಬಡಿದು ತುಟಿ ಒಡೆಯಿತು. ಹಾಲಿನ ತುಂಬ ಚಪ್ಪಾಳೆ.

"ಖಲಾಸ್! ಮುದುಕ ನಮ್ಮವ. ನೀವು ರೈಡರುಗಳನ್ನು ಕರ್ಕೊಂಡು ಹೋಗಿ" ಎಂದ ಮೀನಿನವನು.

ಮುದುಕನ ನಗು ನಿಂತಿತು. ಹಿಡಿತ ಬಿಡಲಿಲ್ಲ.

"ನನ್ನನ್ನು ಕೊಟ್ಟೆಯಾ?"

"ಬಿಡು ಮಾರಾಯ, ಆಮೇಲೆ ಮಾತಾಡುವ."

"ಕೊಟ್ಟೆಯಾ ಇಲ್ವಾ, ಅದು ಹೇಳು."

ಇಷ್ಟು ಜನರ ಮುಂದೆ ನೆಲಕ್ಕೆ ಬಿದ್ದುಕೊಂಡು ಅವನಿಗೆ ಜವಾಬು ಕೊಡಬೇಕೇ ಎಂದು ನನ್ನ ಪಿತ್ತ ನೆತ್ತಿಗೇರಿತು. "ಕೊಟ್ಟೆ. ಏನೀಗ?" ಎಂದೆ.

ಅವನು ತಿರುಚಿದ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ನಾನು ಅರಚುತ್ತಲೇ ಇನ್ನೊಂದು ಕಾಲಿನಿಂದ ಅವನ ಮೂಗಿಗೆ ಒದ್ದೆ. ನಮ್ಮವರು ಕುರ್ಚಿ ಎತ್ತಿ ಅವನ ಬೆನ್ನಿಗೆ ಬಡಿದರು. ಅಬುಧಾಬಿಯವರು ನಮ್ಮವರ ಮೇಲೆ ಬಿದ್ದರು. ಯಾರಿಗೆ ಯಾರು ಹೊಡೆದರೋ ದೇವರಿಗೇ ಗೊತ್ತು.

ಬಿಡಿಸಿದಾಗ ಅವನು ನನ್ನ ಪಕ್ಕದಲ್ಲೇ ಕುಳಿತಿದ್ದ, ಮೂಗಿನಿಂದ ರಕ್ತ ಸುರಿಯುತ್ತಿತ್ತು. "ತಪ್ಪಾಯ್ತು. ಬಿರಿಯಾನಿ ಇನ್ನೂ ಬರಲಿಲ್ಲ. ಬೇಡ ಅಂತ ಒಂದು ಮಾತು ಹೇಳು, ನಾನು ಇಲ್ಲೇ ಆಡ್ತೇನೆ" ಎಂದ. ಹೇಳಬಹುದಿತ್ತು. "ಹೋಗಾಚೆ" ಎಂದೆ.

ಕೂಟದ ದಿನ ನಾನು ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಗೆರೆಯ ಹೊರಗೆ ಕುಳಿತಿದ್ದೆ. ಎದುರಿಗೆ ಅವನು, ಅಬುಧಾಬಿಯ ಜರ್ಸಿಯಲ್ಲಿ, ಅದೇ ಎಡಮೂಲೆಯಲ್ಲಿ. ನನ್ನ ಹೊಸ ರೈಡರುಗಳನ್ನು ಒಬ್ಬರಾದ ಮೇಲೊಬ್ಬರಂತೆ ಎತ್ತಿ ಒಗೆದ. ನಾನು ಇಬ್ಬರನ್ನೂ ಹತ್ತಿರ ಕರೆದು, "ಬಲ ಭುಜಕ್ಕೆ ಗುದ್ದಿ" ಎಂದೆ.

ಮುಂದಿನ ರೈಡಿನಲ್ಲಿ ಭುಜ ಕಳಚಿತು. ಕೈ ಜೋತುಬಿದ್ದು ಅವನು ಮ್ಯಾಟಿನ ಮೇಲೆ ಹೊರಳಾಡಿದ. ಎಂಟು ವರ್ಷ ಅವನಿಗೆ ಜೈ ಎಂದಿದ್ದ ನಮ್ಮವರು ಸಿಳ್ಳೆ ಹೊಡೆದು ಕುಣಿದರು. ಎಲ್ಲರಿಗಿಂತ ಮೊದಲು ಕೇಕೆ ಹಾಕಿದ್ದು ನಾನು.